ಆರ್ ಕಣಿವೆಯ ದ್ರಾಕ್ಷಿ ಸಂಘ, ನಮ್ಮ ಕಡೆಯ ದ್ರಾಕ್ಷಿ ತೋಟ

ಜರ್ಮನಿ ಅಂದ್ರೆ ಬಿಯರ್ ಅಂತಲೇ ನಮ್ಮೋರ ತಲೇಲಿ ಕೂತಿದೆ. ವೈನ್ ವಿಷ್ಯ ಗೊತ್ತಿರೋರೂ ರೈನ್, ಮೋಸೆಲ್ ಅಂತ ಎರಡು ಹೆಸರು ಹೇಳಿ ನಿಲ್ಲಿಸ್ತಾರೆ, ಅದೂ ಬಿಳಿ ವೈನು, ರೀಸ್ಲಿಂಗು. ನಾನಿರೋದು ಬಾನ್‌ನಲ್ಲಿ. ಇಲ್ಲಿಂದ ಲೋಕಲ್ ರೈಲು ಹತ್ತಿದ್ರೆ ಒಂದು ಗಂಟೆಯೊಳಗೆ ಆರ್ ಕಣಿವೆಗೆ ಹೋಗ್ಬಹುದು, ಆರ್‌ವೈಲರ್ ಅಂತ ಊರು, ಸುತ್ತ ಕೋಟೆ ಗೋಡೆ, ಗೋಡೆ ದಾಟಿದ್ರೆ ಸುತ್ತಲೂ ದ್ರಾಕ್ಷಿ. ಊರಿಂದ ಯಾರು ಬಂದ್ರೂ ಕರ್ಕೊಂಡು ಹೋಗೋ ಜಾಗ ಅದು. ಅವರು ಗೋಡೆ ಮುಂದೆ ಫೋಟೋ, ದ್ರಾಕ್ಷಿ ಸಾಲಿನ ಮಧ್ಯೆ ಫೋಟೋ, ಗ್ಲಾಸ್ ಎತ್ತಿ ಹಿಡ್ದು ಫೋಟೋ ತೆಗ್ಸಿಕೊಂಡು ಸ್ಟೇಟಸ್ ಹಾಕಿ ಸಂಜೆ ರೈಲಿಗೆ ವಾಪಸ್ ಬರ್ತಾರೆ. ತಪ್ಪೇನಿಲ್ಲ. ಆದ್ರೆ ಆ ಕಣಿವೇಲಿ ನಮ್ಮ ರೈತರ ಮಕ್ಕಳು ನಿಜವಾಗ್ಲೂ ನೋಡ್ಬೇಕಾಗಿರೋದು ಗೋಡೇನೂ ಅಲ್ಲ, ಗ್ಲಾಸೂ ಅಲ್ಲ, ಸ್ವಲ್ಪ ಮೇಲ್ಗಡೆ ಮೈಶೋಸ್ ಅನ್ನೋ ಸಣ್ಣ ಊರಲ್ಲಿರೋ ಒಂದು ಸಹಕಾರ ಸಂಘ ಅಂತ ನನ್ನ ವಾದ. ಅದಕ್ಕೇ ಇಷ್ಟು ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದ್ಲು ಜಾಗ ಹೇಗಿದೆ ಅಂತ ಹೇಳ್ಬಿಡ್ತೀನಿ. ಆರ್ ಅನ್ನೋದು ದೊಡ್ಡ ನದಿ ಏನಲ್ಲ, ಬೇಸಿಗೇಲಿ ಪ್ಯಾಂಟ್ ಮಡಚ್ಕೊಂಡು ದಾಟ್ಬಹುದು ಅನ್ನೋ ಥರ ಹರಿಯೋ ಹೊಳೆ. ಐಫೆಲ್ ಗುಡ್ಡಗಳಲ್ಲಿ ಬ್ಲಾಂಕನ್‌ಹೈಮ್ ಅನ್ನೋ ಊರಲ್ಲಿ ಒಂದು ಹಳೇ ಮನೆ ನೆಲಮಾಳಿಗೇಲಿ ಹುಟ್ಟುತ್ತೆ, ನಿಜವಾಗ್ಲೂ ಮನೆ ಕೆಳಗೇನೇ, 1726ರಲ್ಲಿ ಕಟ್ಟಿದ ಮರದ ಚೌಕಟ್ಟಿನ ಮನೆ. ಅಲ್ಲಿಂದ ಸುಮಾರು 85 ಕಿಲೋಮೀಟರ್ ಅಂಕುಡೊಂಕಾಗಿ ಹರ್ದು ಝಿನ್‌ಸಿಗ್ ಹತ್ರ ರೈನ್ ನದಿ ಸೇರುತ್ತೆ. ಕಣಿವೆ ಮೇಲ್ಭಾಗದಲ್ಲಿ ಎರಡೂ ಕಡೆ ಕಡಿದಾದ ಕಲ್ಲುಗುಡ್ಡ, ಬಿಸಿಲಿಗೆ ಮುಖ ಮಾಡಿರೋ ಕಡೆ ಮೆಟ್ಟಿಲು ಮೆಟ್ಟಿಲಾಗಿ ಸಿಮೆಂಟ್ ಇಲ್ದೆ ಬರೀ ಕಲ್ಲು ಜೋಡಿಸಿ ಕಟ್ಟಿದ ತಡೆಗೋಡೆಗಳು, ಒಂದೊಂದು ಮೆಟ್ಟಿಲಲ್ಲಿ ನಾಲ್ಕು ಸಾಲು, ಐದು ಸಾಲು ಬಳ್ಳಿ. ಇಷ್ಟು ಉತ್ತರಕ್ಕೆ, ಐವತ್ತು ಡಿಗ್ರಿ ಅಕ್ಷಾಂಶಕ್ಕೂ ಮೇಲೆ, ಕೆಂಪು ದ್ರಾಕ್ಷಿ ಹಣ್ಣಾಗೋದೇ ಕಷ್ಟ. ಆದ್ರೆ ಇಲ್ಲಿ ಆಗುತ್ತೆ. ಕಾರಣ ಆ ಕಲ್ಲು. ಕಪ್ಪನೆ ಸ್ಲೇಟು ಕಲ್ಲಿನ ಚೂರುಗಳು ಹಗಲೆಲ್ಲ ಬಿಸಿಲು ಕುಡ್ದು ರಾತ್ರಿ ಆ ಶಾಖ ಬಳ್ಳಿಗೆ ಬಿಡ್ತವೆ, ಗುಡ್ಡಗಳು ಗಾಳಿ ತಡೀತವೆ. ಹಾಗಾಗಿ ಬಿಳಿ ವೈನಿನ ದೇಶದಲ್ಲಿ ಇದೊಂದು ಕೆಂಪು ವೈನಿನ ಪುಟ್ಟ ಸೀಮೆ. ಒಟ್ಟು ಐನೂರು ಚಿಲ್ಲರೆ ಹೆಕ್ಟೇರ್, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಶ್ಪೇಟ್‌ಬುರ್ಗುಂಡರ್, ಅಂದ್ರೆ ಪಿನೋ ನ್ವಾರ್. ಗುಡ್ಡದ ಮೇಲೆ ದ್ರಾಕ್ಷಿ ಸಾಲುಗಳ ಮಧ್ಯೆ ಆಲ್ಟೆನಾರ್‌ನಿಂದ ಬಾಡ್ ಬೋಡನ್‌ಡೋರ್ಫ್ ತನಕ 35 ಕಿಲೋಮೀಟರ್ ನಡೆಯೋ ದಾರಿ ಇದೆ, ಕೆಂಪು ಬಣ್ಣದ ದ್ರಾಕ್ಷಿ ಗೊಂಚಲಿನ ಗುರುತು ನೋಡ್ಕೊಂಡು ಹೋಗ್ತಾ ಇರೋದು. ಒಂದೇ ದಿನ ಪೂರ್ತಿ ಮಾಡ್ತೀನಿ ಅಂತ ಹಠ ಹಿಡೀಬೇಡಿ, ಮಧ್ಯೆ ಮಧ್ಯೆ ಕೂರಿಸ್ಕೊಳ್ಳೋ ಜಾಗಗಳು ಬಹಳ ಇವೆ.

ಕೆಲಸ ಮಾತ್ರ ನೋಡೋರಿಗೇ ಸುಸ್ತಾಗೋ ಥರದ್ದು. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆ ದ್ರಾಕ್ಷಿ ಅಂದ್ರೆ ಸಮತಟ್ಟು ಜಮೀನು, ಕಲ್ಲುಕಂಬ, ಮೇಲೆ ತಂತಿ, ಚಪ್ಪರ, ಅದರ ನೆರಳಲ್ಲಿ ನಿಂತ್ಕೊಂಡು ಕೈ ಮೇಲೆತ್ತಿ ಕೆಲಸ. ವರ್ಷಕ್ಕೆ ಎರಡು ಸಲ ಕತ್ತರಿ ಹಾಕ್ತೀವಿ, ಬೆಂಗಳೂರ್ ಬ್ಲೂ ಆದ್ರೆ ಎರಡು ಬೆಳೇನೂ ತೆಗೀಬಹುದು, ಬಳ್ಳಿಗೆ ನಿದ್ದೆಯೇ ಇಲ್ಲ. ಇಲ್ಲಿ ವರ್ಷಕ್ಕೆ ಒಂದೇ ಬೆಳೆ. ಜನವರಿ ಫೆಬ್ರವರಿಯ ಚಳೀಲಿ ಕೈಗೆ ಗ್ಲೌಸ್ ಹಾಕ್ಕೊಂಡು ಇಳಿಜಾರಲ್ಲಿ ಕಾಲು ಜಾರದ ಹಾಗೆ ನಿಂತು ಒಂದೊಂದು ಬಳ್ಳಿ ಕತ್ತರಿಸ್ಬೇಕು, ಚಪ್ಪರ ಇಲ್ಲ, ಸಾಲು ಕಟ್ಟಿರ್ತಾರೆ. ಟ್ರ್ಯಾಕ್ಟರ್ ಹತ್ತೋದಿಲ್ಲ. ಕೆಲವು ಕಡೆ ಒಂದೇ ಹಳಿ ಮೇಲೆ ಹತ್ತೋ ಸಣ್ಣ ಗಾಡಿ ಇಟ್ಟಿದಾರೆ, ಅದ್ರಲ್ಲಿ ಹಣ್ಣಿನ ಕ್ರೇಟ್ ಇಳಿಸ್ತಾರೆ. ಸಮತಟ್ಟು ಜಮೀನಿಗಿಂತ ಮೂರ್ನಾಲ್ಕು ಪಟ್ಟು ಕೈಕೆಲಸ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಕೊಯ್ಲಿಗೆ ಬರೋರು ಬಹಳಷ್ಟು ಜನ ಪೋಲೆಂಡ್, ರೊಮೇನಿಯಾದವರು, ಇದನ್ನ ಟೂರಿಸ್ಟ್ ಬ್ರೋಷರ್‌ನಲ್ಲಿ ಯಾರೂ ದೊಡ್ಡದಾಗಿ ಹಾಕಲ್ಲ. ಅಲ್ಲಿ ವೈನ್ ರಾಣಿ ಅಂತ ಕಿರೀಟ ಇಟ್ಕೊಂಡ ಹುಡುಗಿ ಫೋಟೋ ಇರುತ್ತೆ.

ಊರಲ್ಲಿ ಇನ್ನೂ ಎರಡು ವಿಚಿತ್ರ ಇವೆ, ಬೇಗ ಹೇಳಿ ಮುಗಿಸ್ತೀನಿ. ಒಂದು, ಇದೇ ದ್ರಾಕ್ಷಿ ಗುಡ್ಡದ ಹೊಟ್ಟೆಯೊಳಗೆ, ರೈಲಿಗೆ ಅಂತ ಕೊರೆದು ಬಿಟ್ಟಿದ್ದ ಸುರಂಗಗಳಲ್ಲಿ, ಶೀತಲ ಸಮರದ ಕಾಲದಲ್ಲಿ 17 ಕಿಲೋಮೀಟರ್ ಉದ್ದದ ಬಂಕರ್ ಮಾಡಿದ್ರು, ಅಣುಬಾಂಬ್ ಬಿದ್ರೆ ಪಶ್ಚಿಮ ಜರ್ಮನಿ ಸರ್ಕಾರ, ಅಧಿಕಾರಿಗಳು ಎಲ್ಲ ಸೇರಿ 3000 ಜನ 30 ದಿನ ಇರೋಕೆ. ಮೇಲೆ ವೈನು, ಕೆಳಗೆ ಸರ್ಕಾರ. ಈಗ ಅದರ ಒಂದು ತುಂಡು ಮ್ಯೂಸಿಯಂ. ಇನ್ನೊಂದು, ಅಪೊಲಿನಾರಿಸ್ ಅಂತ ದೊಡ್ಡ ದೊಡ್ಡ ಹೋಟೆಲಲ್ಲಿ ಗಾಜಿನ ಬಾಟ್ಲೀಲಿ ಕೊಡ್ತಾರಲ್ಲ ಸೋಡಾ ನೀರು, ಅದು ಪಕ್ಕದ ಬಾಡ್ ನೊಯೆನಾರ್‌ದು. 1852ರಲ್ಲಿ ಒಬ್ಬ ದ್ರಾಕ್ಷಿ ಬೆಳೆಗಾರನ ಜಮೀನಲ್ಲಿ ಬಳ್ಳಿ ಯಾಕೋ ಹಿಡೀತಾನೇ ಇರ್ಲಿಲ್ಲ, ಅಗೆದು ನೋಡಿದ್ರೆ ಕೆಳಗಿಂದ ಗ್ಯಾಸು, ಆಮೇಲೆ ಗ್ಯಾಸು ತುಂಬಿದ ನೀರು. ಬಳ್ಳಿ ಸತ್ತ ಜಮೀನೇ ಚಿನ್ನ ಆಯ್ತು. ಅದೃಷ್ಟ ಅಂದ್ರೆ ಹಂಗಿರ್ಬೇಕು.

ಕುಡಿಯೋ ವಿಷ್ಯಕ್ಕೆ ಬರೋಣ, ಯಾಕಂದ್ರೆ ನಮ್ಮೋರು ಬಂದಾಗ ಮೊದಲು ಗಾಬರಿಯಾಗೋದು ಇಲ್ಲೇ. ಇಲ್ಲಿ ದ್ರಾಕ್ಷಿ ಬೆಳೆಯೋ ಮನೆಯವರು ವರ್ಷದಲ್ಲಿ ನಾಲ್ಕು ತಿಂಗಳ ತನಕ ತಮ್ಮ ಮನೆ ಅಂಗಳದಲ್ಲೋ ಕೊಟ್ಟಿಗೇಲೋ ಬೆಂಚು ಹಾಕಿ ತಮ್ಮದೇ ವೈನು ಮಾರ್ಬಹುದು, ಬಾರ್ ಲೈಸೆನ್ಸ್ ಬೇಕಾಗಿಲ್ಲ. ಶ್ಟ್ರಾಉಸ್‌ವಿರ್ಟ್‌ಶಾಫ್ಟ್ ಅಂತಾರೆ. ಬಾಗಿಲಿಗೆ ಸೊಪ್ಪಿನ ಕಟ್ಟೋ ಪೊರಕೆಯೋ ತೂಗು ಹಾಕಿದ್ರೆ ಅಂಗಡಿ ತೆಗೆದಿದೆ ಅಂತ ಲೆಕ್ಕ. ನಲವತ್ತು ಸೀಟಿಗಿಂತ ಜಾಸ್ತಿ ಇಡೋ ಹಾಗಿಲ್ಲ, ಬೇರೆಯವರ ವೈನ್ ತಂದು ಮಾರೋ ಹಾಗಿಲ್ಲ, ಊಟ ಸಾದಾ ಇರ್ಬೇಕು. ಅಜ್ಜಿ ಬ್ರೆಡ್ಡು ಚೀಸು ತಂದಿಡ್ತಾರೆ, ಮೊಮ್ಮಗ ಗ್ಲಾಸ್ ತೊಳೀತಿರ್ತಾನೆ, ಪಕ್ಕದ ಬೆಂಚಲ್ಲಿ ಚರ್ಚಿಂದ ಬಂದ ಮುದುಕರು, ಇನ್ನೊಂದರಲ್ಲಿ ಸೈಕಲ್ ಗ್ಯಾಂಗು, ಮಕ್ಕಳು ಕಾಲಡೀಲಿ ಓಡಾಡ್ತಿರ್ತವೆ. ಕುಡಿಯೋದು ಅನ್ನೋದಕ್ಕೆ ಒಂದು ಮನೆತನದ ಮರ್ಯಾದೆ ಇದೆ, ಕದ್ದು ಮಾಡೋ ಕೆಲಸ ಅಲ್ಲ. ನಮ್ಮಲ್ಲಿ ಬಾಟ್ಲಿನ ನ್ಯೂಸ್‌ಪೇಪರಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿ ಗ್ರಿಲ್ ಸಂದಿಯಿಂದ ಕೈಗೆ ಕೊಡ್ತಾರಲ್ಲ, ಆ ನಾಚಿಕೆಯೇ ಅರ್ಧ ಹಾಳು ಮಾಡಿದೆ ಅಂತ ಬಹಳ ಜನ ಅಂತಾರೆ. ನಾನು ಅಷ್ಟು ದೂರ ಹೋಗಲ್ಲ. ಇಲ್ಲೂ ಕುಡಿತದಿಂದ ಹಾಳಾದ ಮನೆಗಳು ಬೇಕಾದಷ್ಟಿವೆ, ಹದಿನಾರಕ್ಕೇ ವೈನು ಬಿಯರ್ ಕೊಳ್ಳೋಕೆ ಕಾನೂನು ಬಿಟ್ಟಿದೆ, ಅದರ ಬಗ್ಗೆ ಇವರದ್ದೇ ಜಗಳ ಇದೆ. ಆರ್‌ಗೆ ಹೋಗಿದ್ದು ನೆನಪಿದ್ರೆ ನೀನು ಆರ್‌ಗೆ ಹೋಗಿಯೇ ಇಲ್ಲ ಅಂತ ಇಲ್ಲೊಂದು ಹಳೇ ಗಾದೆ ಇದೆ, ಅದನ್ನ ಹೆಮ್ಮೆಯಿಂದ ಬೇರೆ ಹೇಳ್ತಾರೆ. ಹಾಗಾಗಿ ಇವರು ಕುಡಿಯೋದ್ರಲ್ಲಿ ಸಂಸ್ಕೃತಿ, ನಾವು ಕುಡಿಯೋದ್ರಲ್ಲಿ ವಿಕೃತಿ ಅನ್ನೋ ಎನ್‌ಆರ್‌ಐ ಭಾಷಣ ನನಗೆ ಆಗಿಬರಲ್ಲ.

ಆದ್ರೆ ಒಂದು ಮಾತು. ಬೆಳೆದೋನೇ ಮಾಡಿ ಬೆಳೆದೋನೇ ಮಾರ್ಬಹುದು ಅನ್ನೋದಿದೆಯಲ್ಲ, ಅದು ಕುಡಿತದ ವಿಷ್ಯ ಅಲ್ಲ, ರೈತನ ವಿಷ್ಯ. ಸೆಪ್ಟೆಂಬರಲ್ಲಿ ಇಲ್ಲಿ ಫೆಡರ್‌ವೈಸರ್ ಅಂತ ಮಾರ್ತಾರೆ, ಇನ್ನೂ ಹುದುಗ್ತಾ ಇರೋ ಎಳೇ ವೈನು, ಸಿಹಿ, ಸ್ವಲ್ಪ ಗುಳ್ಳೆ, ಬೆಳಿಗ್ಗೆ ಇಳಿಸಿದ ಹೆಂಡ ಮಧ್ಯಾಹ್ನದ ಹೊತ್ತಿಗೆ ಇರುತ್ತಲ್ಲ ಆ ಹದ. ಬಾಟ್ಲಿ ಮುಚ್ಚಳ ಬಿಗಿ ಮಾಡೋ ಹಾಗಿಲ್ಲ, ಒಳಗಿನ ಗ್ಯಾಸ್ ಹೋಗ್ಬೇಕು, ಬ್ಯಾಗಲ್ಲಿ ಅಡ್ಡ ಇಟ್ರೆ ಲ್ಯಾಪ್‌ಟಾಪ್ ಗೋವಿಂದ. ಈರುಳ್ಳಿ ಹಾಕಿ ಬೇಯಿಸಿದ ಕಡುಬಿನಂಥದ್ದೂ ಅಲ್ಲ ಪಿಜ್ಜಾನೂ ಅಲ್ಲ, ಏನೋ ಒಂದು ಜೊತೆಗೆ ಕೊಡ್ತಾರೆ, ಚೆನ್ನಾಗಿರುತ್ತೆ. ರಸ್ತೆ ಬದೀಲಿ ಟೇಬಲ್ ಹಾಕ್ಕೊಂಡು ರೈತರೇ ಮಾರ್ತಾರೆ. ಮಾರೋ ಹಕ್ಕು ಬೆಳೆದೋನ ಕೈಲಿ ಉಳ್ಕೊಂಡಿದೆ. ನಮ್ಮಲ್ಲಿ 2007ರಲ್ಲಿ ವೈನ್ ನೀತಿ ಬಂತು, ವೈನ್ ಬೋರ್ಡ್ ಆಯ್ತು, ನಂದಿ ಬೆಟ್ಟದ ತಪ್ಪಲಲ್ಲೂ ಕೃಷ್ಣಾ ತೀರದಲ್ಲೂ ವೈನರಿಗಳು ಬಂದ್ವು, ಒಳ್ಳೇದೇ. ಆದ್ರೆ ಎರಡು ಎಕರೆ ದ್ರಾಕ್ಷಿ ಇರೋ ಮನುಷ್ಯ ತಾನೇ ವೈನ್ ಮಾಡಿ ಜಗಲೀಲಿ ಕೂತು ಮಾರೋದನ್ನ ಕನಸಲ್ಲೂ ನೆನೆಸೋ ಹಾಗಿಲ್ಲ, ಅವನು ಕಂಪನಿಗೆ ಹಣ್ಣು ಕೊಡೋನು ಅಷ್ಟೆ. ವಿಜಯಪುರದ ಕಡೆಯೋರು ಒಣದ್ರಾಕ್ಷಿ ಮಾಡ್ತಾರೆ, ಅದೂ ಹರಾಜಿಗೆ ಅಂತ ಲಾರೀಲಿ ಗಡಿ ದಾಟಿ ಮಹಾರಾಷ್ಟ್ರದ ತಾಸಗಾಂವ್, ಸಾಂಗ್ಲಿಗೆ ಹೋಗುತ್ತೆ.

ಈಗ ಮೈಶೋಸ್ ಸಂಘದ ಕಥೆ. ಹತ್ತೊಂಬತ್ತನೇ ಶತಮಾನದಲ್ಲಿ ಈ ಕಣಿವೆ ಇವತ್ತಿನ ಹಾಗೆ ಉಳ್ಳವರ ಊರಾಗಿರ್ಲಿಲ್ಲ, ಕಡುಬಡವರ ಊರು. ಕಾರಣ ನಮಗೆ ಚೆನ್ನಾಗಿ ಗೊತ್ತಿರೋದೇ: ಜಮೀನು ಪಾಲು. ಜರ್ಮನೀಲಿ ಕೆಲವು ಕಡೆ ಹಿರಿಮಗನಿಗೇ ಪೂರ್ತಿ ಜಮೀನು ಹೋಗೋ ಪದ್ಧತಿ, ಆದ್ರೆ ರೈನ್ ಎಡದಂಡೆಯ ಈ ಸೀಮೇಲಿ ಎಲ್ಲ ಮಕ್ಕಳಿಗೂ ಸಮಪಾಲು, ಫ್ರೆಂಚರು ಆಳಿದ ಕಾಲದಲ್ಲಿ ಅವರ ಕಾನೂನಿಂದ ಅದು ಇನ್ನೂ ಗಟ್ಟಿಯಾಯ್ತು. ನಾಲ್ಕು ತಲೆಮಾರು ಕಳೆಯೋ ಹೊತ್ತಿಗೆ ಒಬ್ಬೊಬ್ಬನಿಗೆ ಅಲ್ಲೊಂದು ಮೆಟ್ಟಿಲು ಇಲ್ಲೊಂದು ಮೆಟ್ಟಿಲು. ಮಾರೋಕೆ ಹೋದ್ರೆ ವ್ಯಾಪಾರಿ ಹೇಳಿದ್ದೇ ರೇಟು, ಒಳ್ಳೇ ವರ್ಷ ಬೆಳೆ ಜಾಸ್ತಿ ಆಗಿ ರೇಟು ಬೀಳ್ತಿತ್ತು, ಕೆಟ್ಟ ವರ್ಷ ಬೆಳೆಯೇ ಇಲ್ಲ. ಪಕ್ಕದ ಮೋಸೆಲ್ ಕಣಿವೆಯ ದ್ರಾಕ್ಷಿ ರೈತರ ಗೋಳಿನ ಬಗ್ಗೆ 1843ರಲ್ಲಿ ಇಪ್ಪತ್ನಾಲ್ಕು ವರ್ಷದ ಕಾರ್ಲ್ ಮಾರ್ಕ್ಸ್ ಪತ್ರಿಕೇಲಿ ಬರೆದಿದ್ದ, ಬಡತನ ಅಷ್ಟಿತ್ತು. ಈ ಕಡೆಯಿಂದ ಎಷ್ಟೋ ಕುಟುಂಬಗಳು ಇದ್ದಿದ್ದನ್ನ ಮಾರಿ ಅಮೆರಿಕಕ್ಕೆ ಹಡಗು ಹತ್ತಿದ್ವು.

ಹೋಗದೆ ಉಳಿದೋರಲ್ಲಿ ಹದಿನೆಂಟು ಜನ 1868ರ ಡಿಸೆಂಬರಲ್ಲಿ ಮೈಶೋಸ್‌ನಲ್ಲಿ ಸಂಘ ಮಾಡಿದ್ರು. ಬರೀ ಹದಿನೆಂಟು ಜನ. ಪ್ರಪಂಚದಲ್ಲೇ ಇವತ್ತಿಗೂ ನಡೀತಿರೋ ಅತ್ಯಂತ ಹಳೇ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಅಂತ ಅದಕ್ಕೆ ಹೆಸರಿದೆ. ನನ್ನದು ನಿನ್ನದು ಅನ್ನದೆ ಹಣ್ಣನ್ನ ಒಂದೇ ಕಡೆ ಹಾಕೋದು, ಒಂದೇ ನೆಲಮಾಳಿಗೇಲಿ ವೈನ್ ಮಾಡೋದು, ಒಂದೇ ಹೆಸರಲ್ಲಿ ಮಾರೋದು. ಆಮೇಲೆ ಪಕ್ಕದೂರು ಆಲ್ಟೆನಾರ್ ಸಂಘ ಸೇರ್ಕೊಂಡ್ತು, ಇನ್ನೂ ಮುಂದೆ ವಾಲ್‌ಪೋರ್ಟ್ಸ್‌ಹೈಮ್ ಸೇರ್ಕೊಂಡ್ತು. ಈಗ ನಾನೂರಕ್ಕೂ ಹೆಚ್ಚು ಸದಸ್ಯರು, ಸುಮಾರು ನೂರೈವತ್ತು ಹೆಕ್ಟೇರ್. ಭಾಗಿಸಿ ನೋಡಿ, ತಲೆಗೆ ಒಂದು ಎಕರೆಯೂ ಬರಲ್ಲ! ಇದು ಕೇಳಿದಾಗ ನಾನು ಸುಸ್ತು. ಒಂದು ಎಕರೆಗಿಂತ ಕಮ್ಮಿ ಜಮೀನು ಇಟ್ಕೊಂಡು, ಅದೂ ಕಲ್ಲುಗುಡ್ಡದ ಮೇಲೆ, ನೂರೈವತ್ತು ವರ್ಷದಿಂದ ದ್ರಾಕ್ಷಿ ಬಿಡದೆ ಬೆಳೀತಿದಾರೆ. ಸದಸ್ಯರಲ್ಲಿ ಬಹಳ ಜನಕ್ಕೆ ಬೇರೆ ಕೆಲಸ ಇದೆ, ಯಾರೋ ಪೋಸ್ಟ್ ಆಫೀಸಲ್ಲಿ, ಯಾರೋ ಬಾನ್‌ನಲ್ಲಿ ಸರ್ಕಾರಿ ಆಫೀಸಲ್ಲಿ, ಶನಿವಾರ ಭಾನುವಾರ ಬಳ್ಳಿ ಕೆಲಸ. ಯಂತ್ರ, ಪೀಪಾಯಿ, ಲೇಬಲ್ಲು, ಮಾರಾಟ ಇದ್ಯಾವ ತಲೆನೋವೂ ಅವರಿಗಿಲ್ಲ, ಹಣ್ಣು ಚೆನ್ನಾಗಿ ಬೆಳೆದು ತಂದು ಹಾಕಿದ್ರೆ ಆಯ್ತು.

ಇದ್ರಲ್ಲಿ ಗುಟ್ಟು ಎರಡು. ಮೊದಲನೇದು, ಹಣ್ಣು ತೂಕಕ್ಕೆ ಮಾತ್ರ ದುಡ್ಡಲ್ಲ. ಗೇಟಲ್ಲೇ ಹಣ್ಣಿನ ರಸದ ಸಕ್ಕರೆ ಅಳೀತಾರೆ, ಓಕ್ಸ್ಲೆ ಅಂತ ಅದಕ್ಕೊಂದು ಡಿಗ್ರಿ, ಡಿಗ್ರಿ ಜಾಸ್ತಿ ಇದ್ರೆ ರೇಟು ಜಾಸ್ತಿ. ಅಧ್ಯಕ್ಷನ ಭಾಮೈದ ತಂದ ಹಣ್ಣಾದ್ರೂ ಮೀಟರ್ ಅದೇ. ಎರಡನೇದು ಇನ್ನೂ ಮುಖ್ಯ. ಇಲ್ಲಿನ ದ್ರಾಕ್ಷಿ ಸಂಘಗಳಲ್ಲಿ ಸಾಮಾನ್ಯವಾಗಿ ಸದಸ್ಯ ಆದ್ಮೇಲೆ ಬೆಳೆದಿದ್ದು ಪೂರ್ತಿ ಸಂಘಕ್ಕೇ ಕೊಡ್ಬೇಕು. ಒಳ್ಳೇ ಹಣ್ಣು ಹೊರಗೆ ಜಾಸ್ತಿ ರೇಟಿಗೆ ಮಾರಿ ಮಿಕ್ಕಿದ್ದನ್ನ ತಂದು ಸಂಘಕ್ಕೆ ಸುರಿಯೋ ಹಾಗಿಲ್ಲ. ಸಂಘ ಸದಸ್ಯನ ಹಣ್ಣು ಬೇಡ ಅನ್ನೋ ಹಾಗಿಲ್ಲ, ಸದಸ್ಯ ಸಂಘಕ್ಕೆ ಕೈಕೊಡೋ ಹಾಗಿಲ್ಲ. ಎರಡೂ ಕಡೆ ಕಟ್ಟು.

ಇಲ್ಲಿಂದ ಕಥೆ ನಮ್ಮೂರ ಕಡೆ ತಿರುಗುತ್ತೆ. ಆರ್ ರೈನ್ ಸೇರೋ ಜಾಗದಿಂದ ಸ್ವಲ್ಪ ಮೇಲ್ಗಡೆ, ರೈನ್‌ನ ಆಚೆ ದಡದಲ್ಲಿ ನೊಯ್‌ವೀಡ್ ಅಂತ ಊರು, ಅದಕ್ಕೆ ಅಂಟ್ಕೊಂಡಿರೋದು ಹೆಡ್ಡೆಸ್‌ಡೋರ್ಫ್. ಅಲ್ಲಿ ಮೇಯರ್ ಆಗಿದ್ದೋನು ಫ್ರೀಡ್ರಿಶ್ ವಿಲ್‌ಹೆಲ್ಮ್ ರೈಫೈಸನ್. ಅದಕ್ಕೂ ಮೊದಲು ವೈಯರ್‌ಬುಶ್ ಅನ್ನೋ ಇನ್ನೊಂದು ಊರಲ್ಲಿ ಮೇಯರ್ ಆಗಿದ್ದಾಗ 1846-47ರ ಬರಗಾಲದಲ್ಲಿ ಅಲ್ಲಿನೋರಿಗೆ ಹಿಟ್ಟು ತರಿಸಿ ಬ್ರೆಡ್ ಸಿಗೋ ಹಾಗೆ ಸಂಘ ಮಾಡಿದ, ಆಮೇಲೆ 1864ರಲ್ಲಿ ಹೆಡ್ಡೆಸ್‌ಡೋರ್ಫ್‌ನಲ್ಲಿ ಸಾಲ ಕೊಡೋ ಸಂಘ. ಅವನ ಸೂತ್ರ ಇಷ್ಟೆ: ಬಡ್ಡಿಯವನ ಹತ್ರ ಹೋಗ್ಬೇಡಿ, ಒಂದೇ ಊರಿನೋರು ಸೇರಿ, ಒಬ್ಬರಿಗೊಬ್ಬರು ಜಾಮೀನು ನಿಲ್ಲಿ, ಒಬ್ಬ ಕಟ್ಟದಿದ್ರೆ ಎಲ್ಲರ ಆಸ್ತಿಯೂ ಹೊಣೆ. ಅಕ್ಕಪಕ್ಕದ ಮನೆಯೋನ ಆಸ್ತಿ ನನ್ನ ಸಾಲಕ್ಕೆ ಹೊಣೆ ಅಂದ್ರೆ ಅವನು ನನ್ನ ಮೇಲೆ ಕಣ್ಣಿಡ್ದೆ ಇರ್ತಾನಾ.

ಈ ಕಡೆ ಮದ್ರಾಸ್ ಸರ್ಕಾರದವರು ರೈತರ ಸಾಲಕ್ಕೆ ಏನಾದ್ರೂ ದಾರಿ ಹುಡುಕು ಅಂತ ಫ್ರೆಡರಿಕ್ ನಿಕಲ್ಸನ್ ಅನ್ನೋ ಅಧಿಕಾರಿಯನ್ನ ಯುರೋಪಿಗೆ ಕಳಿಸಿದ್ರು. ಅವನು 1895, 1897ರಲ್ಲಿ ದಪ್ಪ ದಪ್ಪ ವರದಿ ಕೊಟ್ಟ, ಅದರ ಸಾರಾಂಶ ಎರಡೇ ಪದ, ರೈಫೈಸನ್‌ನ ಹುಡುಕಿ ಅಂತ. ಅದರ ಬೆನ್ನಿಗೇ 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ. ಅದರ ಮರುವರ್ಷವೇ, 1905ರಲ್ಲಿ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಮಾಡಿದ್ರು, ದೇಶದಲ್ಲೇ ಮೊದಲ ಕೃಷಿ ಪತ್ತಿನ ಸಹಕಾರ ಸಂಘ. ಅಂದ್ರೆ ನಾನು ಬಾನ್‌ನಿಂದ ರೈಲಲ್ಲಿ ಕಿಟಕಿ ಪಕ್ಕ ಕೂತು ನೋಡೋ ಈ ನದಿ ದಂಡೆಯ ಐಡಿಯಾ ಗದಗಕ್ಕೆ ಬಂದು ಬೇರು ಬಿಟ್ಟು ನೂರ ಇಪ್ಪತ್ತು ವರ್ಷ ಆಯ್ತು. ನಮಗೆ ಇದು ಹೊಸದೇನಲ್ಲ. ದ್ರಾಕ್ಷಿಯಲ್ಲೂ ಹೊಸದಲ್ಲ, ಬೆಂಗಳೂರಲ್ಲಿ ಹಸಿರು ಬೋರ್ಡಿನ ಹಾಪ್‌ಕಾಮ್ಸ್ ಅಂಗಡಿ ಇದಾವಲ್ಲ, ಅದು 1959ರಲ್ಲಿ ಶುರುವಾಗಿದ್ದೇ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಮಾರಾಟ ಮತ್ತು ಸಂಸ್ಕರಣಾ ಸಹಕಾರ ಸಂಘ ಅಂತ. ಲಾಲ್‌ಬಾಗಿನ ಮರಿಗೌಡರು ಮುಂದೆ ನಿಂತು ಮಾಡಿಸಿದ್ದು. ಮಾರಾಟ ಅನ್ನೋದ್ರ ಜೊತೆ ಸಂಸ್ಕರಣೆ ಅನ್ನೋ ಪದವೂ ಆ ಹೆಸರಲ್ಲಿತ್ತು ನೋಡಿ. ಬೆಳೆಗಾರರೇ ಸೇರಿ ಹಣ್ಣಿಂದ ಮುಂದಿನ ಹಂತಕ್ಕೂ ಹೋಗ್ಬೇಕು ಅನ್ನೋ ಯೋಚನೆ ಆವತ್ತೇ ಇತ್ತು. ಆಮೇಲೆ ಎಲ್ಲ ಹಣ್ಣು ತರಕಾರಿಯೂ ಬಂತು, ಹೆಸರೂ ಬದಲಾಯ್ತು, ಜನಕ್ಕೆ ಸರಿಯಾದ ತೂಕ ಸರಿಯಾದ ರೇಟಿಗೆ ಸಿಕ್ತು, ಅದೇನು ಸಣ್ಣ ಸಾಧನೆ ಅಲ್ಲ. ಹಾಲಲ್ಲಿ ನಂದಿನಿ, ಅಡಿಕೇಲಿ ಕ್ಯಾಂಪ್ಕೊ, ಗೆದ್ದಿದ್ದೂ ಇದೆ ನಾವು.

ಹಾಗಾದ್ರೆ ಹಳ್ಳಿ ಮಟ್ಟದಲ್ಲಿ ಎಲ್ಲಿ ಎಡವಟ್ಟಾಗುತ್ತೆ? ಎಲ್ಲರೂ ರಾಜಕೀಯ ಅಂತಾರೆ. ಸೊಸೈಟಿ ಎಲೆಕ್ಷನ್ ಅಂದ್ರೆ ಪಂಚಾಯ್ತಿ ಎಲೆಕ್ಷನ್‌ಗಿಂತ ಜೋರು, ಡೈರೆಕ್ಟರ್ ಆದ್ರೆ ಮುಂದೆ ಜಿಲ್ಲಾ ಬ್ಯಾಂಕು, ಅಲ್ಲಿಂದ ಎಂಎಲ್‌ಎ ಟಿಕೆಟ್ಟು, ಈ ಏಣಿ ಎಲ್ಲರಿಗೂ ಗೊತ್ತು. ಅದು ನಿಜವೇ. ಆದ್ರೆ ಅದೊಂದನ್ನೇ ಹೇಳಿ ನಾವು ರೈತರ ಮಕ್ಕಳು ಜಾರ್ಕೋತೀವಿ. ನಮ್ಮ ಚಿಕ್ಕಪ್ಪನದ್ದು ದೊಡ್ಡಬಳ್ಳಾಪುರದ ಕಡೆ ದ್ರಾಕ್ಷಿ ತೋಟ ಇತ್ತು, ಬೆಂಗಳೂರ್ ಬ್ಲೂ ಸ್ವಲ್ಪ, ದಿಲ್‌ಖುಷ್ ಸ್ವಲ್ಪ. ಅವರ ಕಡೆ ಬೆಳೆಗಾರರ ಗುಂಪು ಮಾಡಿದ್ರಂತೆ, ಎಲ್ಲರೂ ಒಟ್ಟಿಗೇ ಮಾರೋಣ ಅಂತ. ಮಾರ್ಕೆಟ್ ಬಿದ್ದಾಗ ಎಲ್ಲರ ಹಣ್ಣೂ ಗುಂಪಿನ ಮುಂದೆ, ಮಾರ್ಕೆಟ್ ಏರಿದಾಗ ದಳ್ಳಾಳಿ ಬೈಕಲ್ಲಿ ತೋಟಕ್ಕೇ ಬಂದು ಕೈಗೆ ಅಡ್ವಾನ್ಸ್ ಕೊಟ್ಟು ಬಳ್ಳೀಲಿರುವಾಗಲೇ ವ್ಯಾಪಾರ ಮುಗಿಸ್ತಿದ್ದ. ನೀವೇನ್ ಮಾಡಿದ್ರಿ ಚಿಕ್ಕಪ್ಪ ಅಂತ ಕೇಳಿದ್ರೆ ನಕ್ಕು, ಎಲ್ಲರೂ ಮಾಡಿದ್ದೇ ನಾನೂ ಮಾಡ್ದೆ ಕಣೋ, ಕೈಗೆ ಬಂದ ದುಡ್ಡು ಬಿಡಕ್ಕಾಗುತ್ತಾ, ಮಗಳ ಮದುವೆ ಬೇರೆ ಇತ್ತು ಅಂದ್ರು. ಅವರನ್ನ ದೂರಲ್ಲ ನಾನು. ಮೈಶೋಸ್‌ನ ಹದಿನೆಂಟು ಜನಕ್ಕೂ ಹೆಣ್ಣುಮಕ್ಕಳಿದ್ರು, ವ್ಯಾಪಾರಿಗಳೂ ಬಂದಿರ್ತಾರೆ. ವ್ಯತ್ಯಾಸ ಏನಂದ್ರೆ ಪೂರ್ತಿ ಕೊಡ್ಬೇಕು ಅನ್ನೋ ಕಟ್ಟುಪಾಡು ಇಲ್ಲಿ ಕಾಗದದಲ್ಲಿದೆ, ಮುರಿದ್ರೆ ದಂಡ ಇದೆ, ಅದಕ್ಕೆ ಬದಲಾಗಿ ಸಂಘ ಹಣ ಕಂತಲ್ಲಾದ್ರೂ ಹೇಳಿದ ದಿನಕ್ಕೆ ಕೊಡುತ್ತೆ. ನಾವು ಸಂಘದಿಂದ ಕೇಳೋದು ಕಲ್ತಿದೀವಿ, ಸಾಲ, ಗೊಬ್ಬರ, ಬಡ್ಡಿ ಮನ್ನಾ, ಸಂಘ ನಮ್ಮಿಂದ ಕೇಳೋ ಹಾಗೆ ಮಾಡ್ಕೊಳ್ಳೋದು ಕಲೀಲಿಲ್ಲ. ಹಾಲಿನ ಡೈರಿ ಯಾಕೆ ನಡೀತು ಅಂದ್ರೆ ಅಲ್ಲೂ ಈ ಓಕ್ಸ್ಲೆ ಥರದ್ದೇ ಮೀಟರ್ ಇದೆ, ಫ್ಯಾಟು ನೋಡಿ ದುಡ್ಡು, ದಿನಾ ಬೆಳಿಗ್ಗೆ ಸಂಜೆ ಹಾಕ್ಬೇಕು, ನೀರು ಬೆರೆಸಿದ್ರೆ ಅಲ್ಲೇ ಗೊತ್ತಾಗುತ್ತೆ. ಕಟ್ಟು ಇರೋ ಕಡೆ ನಮ್ಮಲ್ಲೂ ನಡೆದಿದೆ.

ಇನ್ನು ಇವರನ್ನ ತಲೆ ಮೇಲೆ ಹೊತ್ಕೊಳ್ಳೋರಿಗೆ ಇನ್ನೊಂದು ಕಡೆಯೂ ಹೇಳ್ಬೇಕು. 2021ರ ಜುಲೈ 14ರ ರಾತ್ರಿ ಈ ಕಣಿವೇಲಿ ನಡೆದಿದ್ದು ಗೊತ್ತಿರ್ಬಹುದು. ಮೊದಲೇ ನೆನೆದು ಹೋಗಿದ್ದ ನೆಲದ ಮೇಲೆ ಒಂದೇ ಸಮ ಮಳೆ, ಕಣಿವೆ ಕಿರಿದು, ನೀರಿಗೆ ಹರಡ್ಕೊಳ್ಳೋಕೆ ಜಾಗ ಇಲ್ಲ. ಮರ, ಕಾರು, ಕ್ಯಾಂಪಿಂಗ್ ಗಾಡಿಗಳು ಬಂದು ಸೇತುವೆ ಕಮಾನಿಗೆ ಸಿಕ್ಕಾಕ್ಕೊಂಡು ನೀರು ಕಟ್ಟೆ ಕಟ್ಟಿದ ಹಾಗೆ ನಿಂತು, ಆಮೇಲೆ ಒಡೆದು ಒಂದೇ ಸಲ ಕೆಳಗೆ ನುಗ್ತು. ಆಲ್ಟೆನಾರ್‌ನಲ್ಲಿ ಅಲ್ಲಿಯ ತನಕ ಅಳೆದಿದ್ದ ದಾಖಲೆ 2016ರ 3.71 ಮೀಟರ್. ಆ ರಾತ್ರಿ ಅಳೆಯೋ ಯಂತ್ರವೇ ಕೊಚ್ಚಿಹೋಯ್ತು, ಆಮೇಲೆ ಗೋಡೆ ಮೇಲಿನ ಗುರುತು ನೋಡಿ ಹತ್ತು ಮೀಟರ್ ಹತ್ರ ಬಂದಿರ್ಬೇಕು ಅಂತ ಲೆಕ್ಕ ಹಾಕಿದ್ರು. ಕಣಿವೆಯೊಂದರಲ್ಲೇ 130ಕ್ಕೂ ಹೆಚ್ಚು ಜನ ಸತ್ರು. ಅದ್ರಲ್ಲಿ ಹನ್ನೆರಡು ಜನ ಝಿನ್‌ಸಿಗ್‌ನಲ್ಲಿ ಅಂಗವಿಕಲರ ಆಶ್ರಯಮನೆಯ ನೆಲಮಹಡೀಲಿ ಮಲಗಿದ್ದೋರು. ಮೇಲ್ಗಡೆ ಊರುಗಳು ಸಂಜೆಯೇ ಮುಳುಗಿದ್ರೂ ಜಿಲ್ಲಾಡಳಿತ ಜಾಗ ಖಾಲಿ ಮಾಡಿ ಅಂದಿದ್ದು ರಾತ್ರಿ ಹನ್ನೊಂದರ ಮೇಲೆ, ಅದೂ ನದಿಯಿಂದ ಐವತ್ತು ಮೀಟರ್ ಒಳಗಿನೋರು ಮಾತ್ರ. ನೀರು ಅದಕ್ಕಿಂತ ಎಷ್ಟೋ ದೂರ ಬಂತು. ಮೊಬೈಲಿಗೆ ಒಟ್ಟಿಗೇ ಎಚ್ಚರಿಕೆ ಕಳಿಸೋ ಸೆಲ್ ಬ್ರಾಡ್‌ಕಾಸ್ಟ್ ಆಗ ಜರ್ಮನೀಲಿ ಇರ್ಲೇ ಇಲ್ಲ, ಬಂದಿದ್ದು 2023ರಲ್ಲಿ. ತನಿಖೆ ನಡೀತು, 2024ರಲ್ಲಿ ಯಾರ ಮೇಲೂ ಕೇಸ್ ಹಾಕದೆ ಮುಚ್ಚಿದ್ರು. ಕೇಳೋಕೆ ನಮ್ಮೂರ ಸುದ್ದಿ ಥರಾನೇ ಇದೆ ಅಲ್ವಾ.

ಇನ್ನೂ ಸಿಟ್ಟು ಬರೋದು ಯಾಕಂದ್ರೆ ಇದು ಮೊದಲ ಸಲ ಅಲ್ಲ. 1804ರಲ್ಲಿ ಇದೇ ಥರ ಬಂದಿತ್ತು, 1910ರಲ್ಲಿ ಮತ್ತೆ ಬಂದು ರೈಲು ಹಳಿ ಹಾಕ್ತಿದ್ದ ಕೂಲಿಗಳೇ ಡಜನ್‌ಗಟ್ಟಲೆ ಹೋದ್ರು. ಆಮೇಲೆ ಮೇಲ್ಗಡೆ ನೀರು ತಡೆಯೋ ಕಟ್ಟೆಗಳ ಪ್ಲಾನ್ ಆಗಿತ್ತು, ಕಟ್ಟಲಿಲ್ಲ. 1920ರ ದಶಕದಲ್ಲಿ ಅದೇ ಗುಡ್ಡಗಳಲ್ಲಿ ಕಾರ್ ರೇಸಿನ ನ್ಯೂರ್ಬುರ್ಗ್‌ರಿಂಗ್ ಮಾತ್ರ ಎದ್ದು ನಿಂತ್ತು. ಪ್ರವಾಹದ ಮ್ಯಾಪ್ ಮಾಡಿದೋರು ಯುದ್ಧದ ನಂತರದ ಅಳತೆಗಳನ್ನೇ ಇಟ್ಕೊಂಡು ಮಾಡಿದ್ರು, ಅಜ್ಜಂದಿರು ಕಂಡಿದ್ದು ಲೆಕ್ಕಕ್ಕೆ ಬರ್ಲಿಲ್ಲ. ಜರ್ಮನ್ನರು ಎಲ್ಲ ಬರೆದಿಡ್ತಾರೆ ಅಂತ ನಾವು ಹೊಗಳ್ತೀವಿ. ಬರೆದಿಟ್ಟಿದ್ರು ಕೂಡ, ಚರ್ಚಲ್ಲಿ, ಹಳೇ ದಾಖಲೇಲಿ. ಓದೋರು ಬೇಕಲ್ಲ. ಈಗ ಮತ್ತೆ ಬಹುತೇಕ ಮನೆಗಳು ಹಳೇ ಜಾಗದಲ್ಲೇ ಎದ್ದಿವೆ. 2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ ನಾವು ಎಷ್ಟು ಮಾತಾಡಿದ್ವಿ, ಈಗ ಅದೇ ಇಳಿಜಾರಿನ ಪಕ್ಕದಲ್ಲಿ ರೆಸಾರ್ಟ್ ಬುಕಿಂಗ್ ಹೇಗಿದೆ ನೋಡಿ. ಮರೆಯೋದ್ರಲ್ಲಿ ಯಾವ ದೇಶವೂ ಹಿಂದೆ ಬಿದ್ದಿಲ್ಲ.

ದುಡ್ಡು ಮಾತ್ರ ಬಂತು. ಪ್ರವಾಹಕ್ಕೆ ಸಿಕ್ಕ ಎಲ್ಲ ರಾಜ್ಯಗಳಿಗೂ ಸೇರಿ 30 ಬಿಲಿಯನ್ ಯೂರೋ ಪರಿಹಾರ ನಿಧಿ. ಆದ್ರೆ ಅದನ್ನ ಪಡೆಯೋಕೆ ತುಂಬಬೇಕಾದ ಅರ್ಜಿ, ಇಂಜಿನಿಯರ್ ರಿಪೋರ್ಟು, ಮತ್ತೊಂದು ಅರ್ಜಿ, ಎಷ್ಟೋ ಮುದುಕರು ಇದರ ಸಹವಾಸವೇ ಬೇಡ ಅಂತ ಊರು ಬಿಟ್ರು. ರೈಲು ಹಳಿ ಪೂರ್ತಿ ಎದ್ದು ನಿಲ್ಲೋಕೆ ವರ್ಷಗಳೇ ಹಿಡೀತು, ಮಧ್ಯೆ ಬಸ್ಸಲ್ಲೇ ಓಡಾಟ. ಜರ್ಮನಿ ಫಾಸ್ಟು ಅನ್ನೋರು ಒಂದು ಸಲ ಬಂದು ಇಲ್ಲಿ ಮನೆ ರಿಪೇರಿಗೆ ಪ್ಲಂಬರ್ ಹುಡುಕ್ಲಿ.

ಸರ್ಕಾರ ತಡಬಡಾಯಿಸಿದ ಕಡೆ ಕೆಲಸ ಮಾಡಿದ್ದು ಯಾರು ಅಂದ್ರೆ ಮತ್ತೆ ಅದೇ ಸಂಘ, ಅದೇ ಅಕ್ಕಪಕ್ಕದೋರು. ಬಳ್ಳಿಗಳು ಗುಡ್ಡದ ಮೇಲಿದ್ದಿದ್ರಿಂದ ಹೆಚ್ಚಿನವು ಉಳ್ಕೊಂಡ್ವು, ಆದ್ರೆ ನೆಲಮಾಳಿಗೆ, ಪೀಪಾಯಿ, ಯಂತ್ರ, ಬಾಟ್ಲಿ ಎಲ್ಲ ಕೆಳಗೆ ಹೊಳೆ ಪಕ್ಕದಲ್ಲಿ. ಬೆರಳೆಣಿಕೆಯ ವೈನರಿ ಬಿಟ್ಟು ಮಿಕ್ಕಿದ್ದೆಲ್ಲ ಕೆಸರು, ಮೈಶೋಸ್ ಸಂಘದ ಮಾಳಿಗೆಯೂ ಸೇರಿ. ಎರಡು ತಿಂಗಳಲ್ಲಿ ಕೊಯ್ಲು. ಮೋಸೆಲ್, ಫಾಲ್ಟ್ಸ್ ಕಡೆಯ ಬೆಳೆಗಾರರು, ಮಾರ್ಕೆಟಲ್ಲಿ ಇವರಿಗೆ ಪ್ರತಿಸ್ಪರ್ಧಿಗಳೇ ಅವರು, ತಮ್ಮ ಟ್ರ್ಯಾಕ್ಟರ್, ಪಂಪು, ಪ್ರೆಸ್ಸು ಹೇರ್ಕೊಂಡು ಬಂದ್ರು, ಇವರ ಬಳ್ಳಿಗೆ ಔಷಧಿ ಹೊಡೆದ್ರು, ಇವರ ಹಣ್ಣನ್ನ ತಮ್ಮ ಮಾಳಿಗೇಲಿ ಇಟ್ಕೊಂಡ್ರು. ದೇಶದ ಎಲ್ಲ ಕಡೆಯಿಂದ ಜನ ಗುದ್ದಲಿ ಹಿಡ್ಕೊಂಡು ಬಂದ್ರು, ಅವರನ್ನ ಬಸ್ಸಲ್ಲಿ ಕೆಸರಿರೋ ಮನೆಮನೆಗೆ ಹಂಚೋ ವ್ಯವಸ್ಥೆಯನ್ನೂ ಜನವೇ ಮಾಡ್ಕೊಂಡ್ರು. ಕೆಸರಲ್ಲಿ ಹೂತಿದ್ದ ಬಾಟ್ಲಿಗಳನ್ನ ತೊಳೀದೆ ಹಾಗೇ ಕೆಸರು ಮೆತ್ಕೊಂಡಿದ್ದ ಹಾಗೇನೇ ಪ್ರವಾಹದ ವೈನ್ ಅಂತ ಆನ್‌ಲೈನಲ್ಲಿ ಮಾರಿ ನಲವತ್ತು ಲಕ್ಷ ಯೂರೋಗಿಂತ ಜಾಸ್ತಿ ಎತ್ತಿದ್ರು. ಒಬ್ಬೊಬ್ಬರೇ ಹೋಗಿ ಕೇಳಿದ್ರೆ ಭಿಕ್ಷೆ ಆಗ್ತಿತ್ತು. ನೂರೈವತ್ತು ವರ್ಷ ಒಟ್ಟಿಗೆ ಮಾರಿ ಅಭ್ಯಾಸ ಇದ್ದೋರಿಗೆ ಕೆಸರನ್ನೂ ಒಟ್ಟಿಗೆ ಮಾರೋದು ಕಷ್ಟ ಆಗ್ಲಿಲ್ಲ.

ಹಂಗಂತ ಮುಂದೆಲ್ಲ ಚೆನ್ನಾಗಿರುತ್ತೆ ಅಂತ ಹೇಳೋಕೂ ಧೈರ್ಯ ಇಲ್ಲ. ಜರ್ಮನ್ನರು ವೈನ್ ಕುಡಿಯೋದೇ ಕಮ್ಮಿ ಮಾಡಿದಾರೆ, ಸೂಪರ್‌ಮಾರ್ಕೆಟಲ್ಲಿ ಹೊರದೇಶದ ಬಾಟ್ಲಿ ನಾಲ್ಕು ಯೂರೋಗೆ ಸಿಗುತ್ತೆ, ಇವರು ಗುಡ್ಡ ಹತ್ತಿ ಇಳಿದು ಮಾಡಿದ್ದಕ್ಕೆ ಅದರ ಎರಡು ಮೂರು ಪಟ್ಟು ಕೇಳ್ಬೇಕು. ಸದಸ್ಯರಿಗೆ ವಯಸ್ಸಾಗ್ತಿದೆ, ಮಕ್ಕಳು ಕಲೋನ್‌ನಲ್ಲಿ, ಬರ್ಲಿನ್‌ನಲ್ಲಿ, ಶನಿವಾರ ಬಂದು ಇಳಿಜಾರಲ್ಲಿ ಬಗ್ಗೋಕೆ ಯಾರಿಗೂ ಮನಸ್ಸಿಲ್ಲ. ನಡೆಯೋ ದಾರೀಲಿ ನೋಡಿದ್ರೆ ಅಲ್ಲಲ್ಲಿ ಒಂದೊಂದು ಮೆಟ್ಟಿಲಲ್ಲಿ ಬಳ್ಳಿ ಕಿತ್ತು ಮುಳ್ಳುಗಿಡ ಬೆಳೆದಿದೆ. ಒಬ್ಬರು ಬಿಟ್ರೆ ಸಂಘ ಇನ್ನೊಬ್ಬ ಸದಸ್ಯನನ್ನ ಹುಡುಕಿ ವಹಿಸುತ್ತೆ, ಹುಡುಕಿದ್ರೂ ಸಿಗದಿದ್ದಾಗ ಹೀಗೆ.

ಹೋದ ಸಲ ಊರಿಗೆ ಹೋದಾಗ ಚಿಕ್ಕಪ್ಪನಿಗೆ ಇದೆಲ್ಲ ಹೇಳ್ದೆ, ಫೋನಲ್ಲಿ ಫೋಟೋನೂ ತೋರಿಸ್ದೆ. ಅವರ ದ್ರಾಕ್ಷಿ ತೋಟ ಈಗಿಲ್ಲ, ಏರ್‌ಪೋರ್ಟ್ ಬಂದ್ಮೇಲೆ ಆ ಕಡೆ ರೇಟು ಎಲ್ಲಿಗೆ ಹೋಯ್ತು ಅಂತ ಎಲ್ಲರಿಗೂ ಗೊತ್ತು, ಕಲ್ಲುಕಂಬ ಕಿತ್ತು ಸೈಟ್ ಮಾಡಿ ಮಾರಿದ್ರು. ಕನ್ನಡಕ ಏರಿಸ್ಕೊಂಡು ಒಂದೊಂದೇ ಫೋಟೋ ದೊಡ್ಡದು ಮಾಡಿ ನೋಡಿದ್ರು, ಕಟಿಂಗ್ ಚೆನ್ನಾಗಿ ಮಾಡಿದಾರೆ ಅಂದ್ರು, ಗೊಂಚಲು ಯಾಕೆ ಇಷ್ಟು ಸಣ್ಣದು ಅಂದ್ರು. ಆಮೇಲೆ ಆ ಮುಳ್ಳು ಬೆಳೆದ ಮೆಟ್ಟಿಲಿನ ಫೋಟೋ ಬಂತು. ಇದ್ಯಾಕೆ ಪಾಳು ಬಿಟ್ಟಿದಾರೆ, ಬೆಳೆಯೋಕಾಗದಿದ್ರೆ ಸೈಟ್ ಮಾಡ್ಬಹುದಲ್ಲ ಅಂದ್ರು. ಆ ಇಳಿಜಾರಲ್ಲಿ ನಿಲ್ಲೋಕೇ ಆಗಲ್ಲ ಚಿಕ್ಕಪ್ಪ, ಅದೂ ಅಲ್ದೆ ದ್ರಾಕ್ಷಿ ಜಮೀನಲ್ಲಿ ಮನೆ ಕಟ್ಟೋಕೆ ಬಿಡಲ್ಲ ಅಂದೆ.

"ನಮ್ಮ ಕಡೆಯಿಂದ ಯಾರಾದ್ರೂ ಇಬ್ಬರು ಬಿಲ್ಡರ್‌ನ ಕರ್ಕೊಂಡು ಹೋಗಿ ತೋರಿಸು" ಅಂದ್ರು.